ಖಂಡಸ್ಫುಟಿತಕ್ಕೆ ನಿಧಿ: ಮ್ಯಾಕ್‌ಡೊವೆಲ್ ಕಲಾಧಾಮದ ಸ್ಟುಡಿಯೊಗಳ ಪೋಷಣೆಯ ಇತಿಹಾಸ

ಕನ್ನಡ ನಾಡಿನ ಶಾಸನಗಳಲ್ಲಿ ದೇವಾಲಯಗಳಿಗೂ ಬಸದಿಗಳಿಗೂ ಬಿಟ್ಟ ದತ್ತಿಗಳ ಉದ್ದೇಶವನ್ನು ಹೇಳುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರುಕುಬಿಟ್ಟುದನ್ನು, ಹಳತಾದುದನ್ನು ಸರಿಪಡಿಸುವುದಕ್ಕಾಗಿ ಎಂಬುದು ಅದರ ಅರ್ಥ. ಕಟ್ಟಡವನ್ನು ಎತ್ತಿಸಿದ ದಾನಿ ಅಷ್ಟಕ್ಕೇ ಕೈತೊಳೆದುಕೊಳ್ಳದೆ, ಅದು ಮುಂದೆ ಸೋರುತ್ತದೆ, ಕುಸಿಯುತ್ತದೆ ಎಂಬುದನ್ನು ಕಟ್ಟುವ ದಿನವೇ ಒಪ್ಪಿಕೊಂಡು, ಅದಕ್ಕೆ ಬೇಕಾದ ಗದ್ದೆ ತೋಟಗಳ ಆದಾಯವನ್ನು ಬೇರೆಯಾಗಿ ತೆಗೆದಿರಿಸುತ್ತಿದ್ದನು. ಆಧುನಿಕ ಕಾಲದ ಕಲಾಪೋಷಣೆಯಲ್ಲಿ ಈ ವಿವೇಕ ಅಪರೂಪವಾಗಿದೆ. ಕಲಾಭವನಗಳ ಶಂಕುಸ್ಥಾಪನೆಗೆ ಹಣ ಒದಗುತ್ತದೆ. ಅವುಗಳ ಚಾವಣಿಗೆ ಹತ್ತು ವರ್ಷಗಳ ನಂತರ ಹೆಂಚು ಹೊದಿಸಲು ಒದಗುವುದಿಲ್ಲ. ಕಲಾವಿದರು ಕೆಲವು ವಾರಗಳ ಮಟ್ಟಿಗೆ ಬಂದಿದ್ದು ನಿಶ್ಚಿಂತೆಯಿಂದ ಕೆಲಸ ಮಾಡಿ ಹೋಗುವ ಏಕಾಂತಧಾಮಗಳಲ್ಲಿ ಈ ಕೊರತೆ ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತದೆ. ಇದನ್ನು ಒಂದು ನಿರ್ದಿಷ್ಟ ಸಂಸ್ಥೆಯ ಇತಿಹಾಸದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಸಂಸ್ಥೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೀಟರ್‌ಬರೊ ಎಂಬ ಊರಿನಲ್ಲಿರುವ ಮ್ಯಾಕ್‌ಡೊವೆಲ್ ಕಲಾಧಾಮ. 1907ರಲ್ಲಿ ಆರಂಭವಾದ ಇದು ಬಹುಕಾಲ ‘ಮ್ಯಾಕ್‌ಡೊವೆಲ್ ಕಾಲೊನಿ’ ಎಂದು ಹೆಸರಾಗಿತ್ತು. 2020ರಲ್ಲಿ ‘ಕಾಲೊನಿ’ ಎಂಬ ಪದವನ್ನು ಕೈಬಿಡಲಾಯಿತು.

ಎಡ್ವರ್ಡ್ ಮ್ಯಾಕ್‌ಡೊವೆಲ್ (1860–1908) ತನ್ನ ಕಾಲದ ಅಮೆರಿಕದ ಪ್ರಮುಖ ಸಂಗೀತ ರಚನಕಾರ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅವನಲ್ಲಿ ಪಿಯಾನೊ ಕಲಿತ ಮೇರಿಯನ್ ನೆವಿನ್ಸ್ (1857–1956) 1884ರಲ್ಲಿ ಅವನನ್ನು ಮದುವೆಯಾದಳು. 1896ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಎಡ್ವರ್ಡ್ ಕೊಲಂಬಿಯಾ ವಿಶ್ವವಿದ್ಯಾಲಯದ ಮೊದಲ ಸಂಗೀತ ಪ್ರಾಧ್ಯಾಪಕನಾದನು. ದಂಪತಿಗಳು ಪೀಟರ್‌ಬರೊದಲ್ಲಿ ‘ಹಿಲ್‌ಕ್ರೆಸ್ಟ್’ ಎಂಬ ಹಳೆಯ ಹೊಲಮನೆಯನ್ನು ಕೊಂಡರು. ನಗರದಲ್ಲಿ ಪಾಠ, ಬೇಸಗೆಯಲ್ಲಿ ಹಳ್ಳಿಯ ಮನೆ ಎಂಬ ಏರ್ಪಾಡಾಯಿತು. ಆದರೆ ಹೊಲಮನೆಯಲ್ಲಿಯೂ ಮನೆಯೆಂದರೆ ಮನೆಯೇ: ಬಂದುಹೋಗುವವರು, ಅಡುಗೆಯವರು, ಅಂಗಳದ ಸದ್ದು. ಇದನ್ನು ಗಮನಿಸಿದ ಮೇರಿಯನ್, ಮನೆಯಿಂದ ದೂರದಲ್ಲಿ ಕಾಡಿನ ನಡುವೆ ಗಂಡನಿಗಾಗಿ ಮರದ ದಿಮ್ಮಿಗಳ ಒಂದು ಪುಟ್ಟ ಗುಡಿಸಲನ್ನು ಕಟ್ಟಿಸಿದಳು. ಮುಂದೆ ಎದ್ದ ಸ್ಟುಡಿಯೊಗಳಿಗೆಲ್ಲ ಈ ಗುಡಿಸಲೇ ಮಾದರಿ. ಒಬ್ಬ ಕಲಾವಿದನಿಗೆ ಒಂದು ಕಟ್ಟಡ, ಅದರಿಂದ ಇನ್ನೊಂದು ಕಟ್ಟಡ ಕಣ್ಣಿಗೆ ಬೀಳಬಾರದು ಎಂಬುದು ಅದರ ತತ್ತ್ವ. ನಿರ್ವಹಣೆಯ ಕಷ್ಟಗಳ ಬೀಜವೂ ಇದರಲ್ಲಿಯೇ ಅಡಗಿತ್ತು.

ವಿಶ್ವವಿದ್ಯಾಲಯದೊಡನೆ ಭಿನ್ನಾಭಿಪ್ರಾಯ ತಲೆದೋರಿ ಎಡ್ವರ್ಡ್ 1904ರಲ್ಲಿ ಹುದ್ದೆಯನ್ನು ಬಿಟ್ಟನು. ಅದರ ಬೆನ್ನಲ್ಲೇ ಆರೋಗ್ಯ ಕುಸಿಯತೊಡಗಿ ಬುದ್ಧಿಶಕ್ತಿಯೂ ಮಸುಕಾಯಿತು. ತಾನು ಪಡೆದ ಏಕಾಂತದ ಸುಖ ಇತರ ಕಲಾವಿದರಿಗೂ ದೊರೆಯಬೇಕು, ಬೇರೆ ಬೇರೆ ಕಲೆಗಳವರು ಸಂಜೆ ಒಂದೆಡೆ ಕೂಡಬೇಕು ಎಂಬುದು ಅವನ ಬಯಕೆಯಾಗಿತ್ತು. 1906ರಲ್ಲಿ ಅವನ ಗೌರವಾರ್ಥ ಒಂದು ನಿಧಿಯನ್ನು ಆರಂಭಿಸಲಾಯಿತು. ಅವನು ಹಿಂದೆ ನಿರ್ದೇಶಿಸಿದ್ದ ನ್ಯೂಯಾರ್ಕಿನ ಮೆಂಡೆಲ್‌ಸನ್ ಗ್ಲೀ ಕ್ಲಬ್ ಎಂಬ ಗಾಯನ ಸಂಘ ಇದರಲ್ಲಿ ಮುಂದಾಳಾಗಿತ್ತು; ಮಾಜಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್, ಉದ್ಯಮಿ ಆಂಡ್ರ್ಯೂ ಕಾರ್ನೆಗಿ, ಬ್ಯಾಂಕರ್ ಜೆ. ಪಿ. ಮಾರ್ಗನ್ ಮೊದಲಾದವರು ನೆರವಾದರು. 1907ರಲ್ಲಿ ಮೇರಿಯನ್ ಹೊಲಮನೆಯನ್ನು ಸ್ಮಾರಕ ಸಂಘದ ಹೆಸರಿಗೆ ಬರೆದುಕೊಟ್ಟಳು. ಆ ಬೇಸಗೆಯಲ್ಲಿ ಶಿಲ್ಪಿ ಹೆಲೆನ್ ಮಿಯರ್ಸ್ ಮತ್ತು ಅವಳ ಸೋದರಿ, ಲೇಖಕಿ ಮೇರಿ ಮಿಯರ್ಸ್ ಮೊದಲ ಅತಿಥಿಗಳಾಗಿ ಬಂದರು. ಮರುವರ್ಷದ ಜನವರಿಯಲ್ಲಿ ಎಡ್ವರ್ಡ್ ತೀರಿಕೊಂಡನು.

ಹೆಸರಾಂತ ಶ್ರೀಮಂತರು ಕೈಜೋಡಿಸಿದ ನಿಧಿಯೊಂದಿಗೆ ಹುಟ್ಟಿದ ಸಂಸ್ಥೆಗೆ ಮುಂದೆ ಹಣದ ಚಿಂತೆ ಇರಲಾರದು ಎಂದು ಮೇಲುನೋಟಕ್ಕೆ ತೋರಬಹುದು. ವಾಸ್ತವ ಬೇರೆಯಾಗಿತ್ತು. ಆ ನಿಧಿ ಕೂಡಿದ್ದು ಒಬ್ಬ ರೋಗಗ್ರಸ್ತ ಪ್ರತಿಭಾವಂತನ ಮೇಲಿನ ಅನುಕಂಪದಿಂದ. ಅನುಕಂಪ ಒಂದು ಬಾರಿ ಕೊಡುತ್ತದೆ. ಪ್ರತಿವರ್ಷ ಕೊಡುವ ಸ್ವಭಾವ ಅದಕ್ಕಿಲ್ಲ. ಐವತ್ತು ದಾಟಿದ ವಿಧವೆಯ ಬಳಿ ಉಳಿದಿದ್ದುದು ಹೊಲ, ಕಾಡು, ಗಂಡನ ಕೃತಿಗಳು ಮತ್ತು ಮದುವೆಯ ನಂತರ ಬಹುಮಟ್ಟಿಗೆ ನಿಂತುಹೋಗಿದ್ದ ತನ್ನ ಪಿಯಾನೊ ವಾದನ. ಆ ವಾದನವನ್ನೇ ಅವಳು ಸಂಪಾದನೆಯ ದಾರಿಯನ್ನಾಗಿ ಮಾಡಿಕೊಂಡಳು. ಮತ್ತೆ ಸಾಧನೆ ಮಾಡಿ, ಊರೂರು ತಿರುಗಿ, ಎಡ್ವರ್ಡನ ರಚನೆಗಳನ್ನು ನುಡಿಸುತ್ತ, ನಡುನಡುವೆ ಪೀಟರ್‌ಬರೊದ ಯೋಜನೆಯನ್ನು ವಿವರಿಸುವ ಉಪನ್ಯಾಸ–ಕಛೇರಿಗಳನ್ನು ಕೊಟ್ಟಳು. ಎರಡು ದಶಕಗಳಿಗೂ ಮೀರಿ ಈ ಸಂಚಾರ ನಡೆಯಿತು. ಬೇಸಗೆಯಲ್ಲಿ ಕಲಾವಿದರ ಊಟ ವಸತಿಯ ಮೇಲ್ವಿಚಾರಣೆ, ಚಳಿಗಾಲದಲ್ಲಿ ರೈಲು ಪ್ರಯಾಣ ಮತ್ತು ಕಛೇರಿ ಎಂಬುದು ಅವಳ ವರ್ಷದ ಕ್ರಮವಾಯಿತು. ಎಡ್ವರ್ಡನ ‘ವುಡ್‌ಲ್ಯಾಂಡ್ ಸ್ಕೆಚಸ್’ (1896) ಮಾಲಿಕೆಯ ಚಿಕ್ಕ ರಚನೆಗಳು ಆಗಲೇ ಮಧ್ಯಮವರ್ಗದ ಮನೆಗಳ ಪಿಯಾನೊಗಳನ್ನು ಸೇರಿದ್ದವು. ಕೇಳಲು ಬಂದವರಲ್ಲಿ ಬಹುಮಂದಿ ತಾವೇ ಅವುಗಳನ್ನು ನುಡಿಸಬಲ್ಲವರು. ಅವಳ ಯಶಸ್ಸಿಗೆ ಈ ಪರಿಚಯವೇ ಬಂಡವಾಳ.

ಯಾರ ಮುಂದೆ ಅವಳು ನುಡಿಸಿದಳು ಎಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಸಣ್ಣಪುಟ್ಟ ಪಟ್ಟಣಗಳಲ್ಲಿಯೂ ಮಹಿಳೆಯರ ಸಂಗೀತ ಸಂಘಗಳು ಹುಟ್ಟಿಕೊಂಡಿದ್ದವು. 1898ರಲ್ಲಿ ಅವುಗಳ ರಾಷ್ಟ್ರೀಯ ಒಕ್ಕೂಟವೂ ಸ್ಥಾಪನೆಯಾಯಿತು. ಮ್ಯಾಕ್‌ಡೊವೆಲ್ ಹೆಸರನ್ನೇ ಹೊತ್ತ ಸಂಘಗಳು ದೇಶದಾದ್ಯಂತ ನೂರಾರು ಸಂಖ್ಯೆಯಲ್ಲಿ ಬೆಳೆದವು. ಕಾಲೇಜುಗಳಲ್ಲಿ ಸಂಗೀತ ಕಲಿಯುವ ವಿದ್ಯಾರ್ಥಿನಿಯರ ಸೋದರಿ ಸಂಘಗಳು ಬೇರೆ ಇದ್ದವು. ಈ ಸಂಘಗಳ ಒಬ್ಬೊಬ್ಬ ಸದಸ್ಯೆಯ ಕೈಯಲ್ಲಿ ದೊಡ್ಡ ಮೊತ್ತವಿರಲಿಲ್ಲ. ಆದರೆ ಕೂಡಿಸುವ ಅಭ್ಯಾಸವಿತ್ತು, ಲೆಕ್ಕ ಇಡುವ ಅಭ್ಯಾಸವಿತ್ತು, ಪ್ರತಿವರ್ಷ ಸಭೆ ಸೇರುವ ಅಭ್ಯಾಸವಿತ್ತು. ಕಲಾಪೋಷಣೆಯ ಚರಿತ್ರೆಗಳಲ್ಲಿ ಕಾರ್ನೆಗಿ, ಮಾರ್ಗನ್ ಅಂಥವರ ಹೆಸರುಗಳೇ ಮುಂದೆ ಬರುವುದು ರೂಢಿ. ಪೀಟರ್‌ಬರೊದ ಕಾಡಿನಲ್ಲಿ ನಡೆದಾಡಿದವರಿಗೆ ಕಾಣುವ ಹೆಸರುಗಳು ಬೇರೆ.

1908ರಲ್ಲಿ ಮೇರಿಯನ್ ಕಟ್ಟಿಸಿದ ಮೊದಲ ಸ್ಟುಡಿಯೊಗೆ ಅದರ ಗೋಡೆಗಳ ಮೇಲಿನ ಮರದ ತೊಗಟೆಯ ಹೊದಿಕೆಯಿಂದಾಗಿ ‘ಬಾರ್ಕ್’ ಎಂದು ಹೆಸರಾಯಿತು. ಅನಂತರದವು ಬಹುಮಟ್ಟಿಗೆ ದಾನಿಗಳ ಹೆಸರಿನವು. ಬರ್ನಾರ್ಡ್ ಕಾಲೇಜಿನ ಹೆಸರಿನದು 1910ರ ಹೊತ್ತಿಗೆ ಎದ್ದಿತು. ‘ಆಲ್ಫಾ ಕೈ ಒಮೆಗಾ’ ಎಂಬ ವಿದ್ಯಾರ್ಥಿನಿಯರ ಸಂಘ 1911–12ರಲ್ಲಿ ‘ಸ್ಟಾರ್’ ಸ್ಟುಡಿಯೊವನ್ನು ಕೊಟ್ಟಿತು. ನ್ಯೂಯಾರ್ಕಿನ ವೆಲ್ಟಿನ್ ಶಾಲೆಯ ಹಳೆಯ ವಿದ್ಯಾರ್ಥಿನಿಯರು 1912ರಲ್ಲಿ ‘ವೆಲ್ಟಿನ್’ ಅನ್ನೂ, ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ ಸೋಮವಾರಗಳಂದು ಸೇರುತ್ತಿದ್ದ ಸಂಗೀತ ಸಂಘದವರು ಮರುವರ್ಷ ‘ಮಂಡೇ ಮ್ಯೂಸಿಕ್’ ಅನ್ನೂ ಕಟ್ಟಿಸಿದರು. ‘ನ್ಯೂಜೆರ್ಸಿ’ (1921) ಆ ರಾಜ್ಯದ ಮಹಿಳಾ ಸಂಘಗಳ ಒಕ್ಕೂಟದ ಕೊಡುಗೆ. ‘ಸೊರೊಸಿಸ್’ (1926) ನ್ಯೂಯಾರ್ಕಿನ ಹಳೆಯ ಮಹಿಳಾ ಸಂಘವೊಂದರ ಗಾಯನ ಮಂಡಲಿಯದು. ಒಬ್ಬರೇ ಕೊಟ್ಟವೂ ಇಲ್ಲದಿಲ್ಲ. ಚಿತ್ರಕಾರ ಜಾನ್ ವೈಟ್ ಅಲೆಕ್ಸಾಂಡರನ ನೆನಪಿಗಾಗಿ ಎತ್ತಿಸಿದ ಕಲ್ಲಿನ ಕಟ್ಟಡ ಸ್ವಿಟ್ಜರ್ಲೆಂಡಿನ ಪ್ರಾರ್ಥನಾಮಂದಿರವೊಂದರ ಮಾದರಿಯದು. ಸೋಮವಾರದ ಸಂಗೀತ ಸಂಘವೊಂದು ಕಾಡಿನಲ್ಲಿ ಕಟ್ಟಡವಾಗಿ ಉಳಿದಿದೆ ಎಂಬುದು ಸಣ್ಣ ವಿಷಯವೇನಲ್ಲ.

ಹೆಸರಿಡುವ ಈ ಪದ್ಧತಿಗೆ ಒಂದು ಆಳವಾದ ಕಾರಣವಿತ್ತು. ನಾಟಕ ಸಂಘ ತನ್ನ ಪ್ರಯೋಗವನ್ನು ತೋರಿಸಿ ದೇಣಿಗೆ ಕೇಳಬಹುದು. ಶಾಲೆ ಮಕ್ಕಳನ್ನು ತೋರಿಸಬಹುದು. ಆಸ್ಪತ್ರೆ ಹಾಸಿಗೆಗಳನ್ನು ತೋರಿಸಬಹುದು. ಏಕಾಂತಧಾಮ ಏನನ್ನು ತೋರಿಸಬೇಕು? ಅಲ್ಲಿ ನಡೆಯುವ ಕೆಲಸ ಯಾರಿಗೂ ಕಾಣಬಾರದೆಂಬುದೇ ಅದರ ನಿಯಮ. ಮ್ಯಾಕ್‌ಡೊವೆಲ್‌ನಲ್ಲಿ ಕರೆಯದೆ ಇನ್ನೊಬ್ಬರ ಸ್ಟುಡಿಯೊಗೆ ಹೋಗುವಂತಿಲ್ಲ. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿಟ್ಟು ಬಾಗಿಲ ಬಳಿ ಸದ್ದಿಲ್ಲದೆ ಇರಿಸಿ ಹೋಗುತ್ತಾರೆ. ಅಲ್ಲಿ ಬರೆದ ಕಾದಂಬರಿ ಎಷ್ಟೋ ವರ್ಷಗಳ ನಂತರ ಬೇರೆಲ್ಲೋ ಅಚ್ಚಾಗುತ್ತದೆ. ಅದಕ್ಕೆ ಆಶ್ರಯವಿತ್ತ ಸೂರಿನ ಹೆಸರು ಓದುಗನಿಗೆ ತಿಳಿಯುವುದಿಲ್ಲ. ಹೀಗೆ ದಾನಿಗೆ ಕೆಲಸವನ್ನಾಗಲಿ ಕಲಾವಿದನನ್ನಾಗಲಿ ತೋರಿಸಲಾಗದ ಸಂಸ್ಥೆ, ತೋರಿಸಬಹುದಾದ ಒಂದೇ ವಸ್ತುವನ್ನು, ಎಂದರೆ ಕಟ್ಟಡವನ್ನು, ದಾನಿಯ ಹೆಸರಿನೊಂದಿಗೆ ಮುಂದಿಟ್ಟಿತು.

ಆದರೆ ಹೆಸರು ಕಟ್ಟಡಕ್ಕೆ ಅಂಟಿಕೊಳ್ಳುತ್ತದೆ. ಗಾರೆಗೆ, ಹೊಗೆಕೊಳವೆಗೆ, ಸೌದೆಗೆ ಅಂಟಿಕೊಳ್ಳುವುದಿಲ್ಲ. ಒಂದು ವಸತಿಗೃಹದಲ್ಲಿ ಮೂವತ್ತು ಕೋಣೆಗಳಿದ್ದರೆ ಅದಕ್ಕೆ ಒಂದು ಚಾವಣಿ, ಒಂದು ನೀರಿನ ವ್ಯವಸ್ಥೆ, ಒಂದು ದಾರಿ. ಕಾಡಿನಲ್ಲಿ ಚದುರಿದ ಮೂವತ್ತು ಸ್ಟುಡಿಯೊಗಳಿದ್ದರೆ ಮೂವತ್ತು ಚಾವಣಿ, ಮೂವತ್ತು ಹೊಗೆಕೊಳವೆ, ಮೂವತ್ತು ಕಾಲುದಾರಿ. ನ್ಯೂ ಹ್ಯಾಂಪ್‌ಶೈರಿನ ಚಳಿಗಾಲದಲ್ಲಿ ಹಿಮ ಚಾವಣಿಯ ಮೇಲೆ ಭಾರವಾಗಿ ಕೂರುತ್ತದೆ. ಅದು ಕರಗಿ ಮತ್ತೆ ಹೆಪ್ಪುಗಟ್ಟುವಾಗ ಮರದ ಹಲಗೆಗಳ ಸಂದಿಗೆ ನೀರು ಇಳಿಯುತ್ತದೆ. ಕೊಳವೆಗಳಲ್ಲಿ ಉಳಿದ ನೀರು ಮಂಜುಗಡ್ಡೆಯಾಗಿ ಕೊಳವೆಯನ್ನೇ ಸೀಳುತ್ತದೆ. ಸಂಗೀತಗಾರರ ಸ್ಟುಡಿಯೊಗಳಲ್ಲಿ ಪಿಯಾನೊ ಇರಬೇಕು. ಮರದ ವಾದ್ಯ ಮರದ ಮನೆಯ ತೇವಕ್ಕೆ ಉಬ್ಬಿ, ಒಲೆಯ ಬಿಸಿಗೆ ಕುಗ್ಗಿ, ಮತ್ತೆ ಮತ್ತೆ ಶ್ರುತಿ ಕಳೆದುಕೊಳ್ಳುತ್ತದೆ. ಚಿತ್ರಕಾರನಿಗೆ ಉತ್ತರದ ಬೆಳಕಿನ ದೊಡ್ಡ ಕಿಟಕಿ ಬೇಕು. ದೊಡ್ಡ ಗಾಜು ಹೆಚ್ಚು ಶಾಖವನ್ನು ಹೊರಬಿಡುತ್ತದೆ, ಬೇಗ ಒಡೆಯುತ್ತದೆ. ಬೇಸಗೆಯ ತಿಂಗಳುಗಳಿಗೆಂದೇ ಕಟ್ಟಿದ ಸ್ಟುಡಿಯೊಗಳನ್ನು ವರ್ಷವಿಡೀ ತೆರೆದಿಡುವ ನಿರ್ಧಾರವಾದ ಮೇಲಂತೂ ಗೋಡೆಗಳೊಳಗೆ ಶಾಖರೋಧಕ ತುಂಬಿಸುವುದು, ಒಲೆಗಳ ಜಾಗದಲ್ಲಿ ಶಾಖಯಂತ್ರಗಳನ್ನಿಡುವುದು ಮುಂತಾದ ಖರ್ಚು ಸೇರಿಕೊಂಡಿತು. ಇವೆಲ್ಲದರ ಪಟ್ಟಿಯನ್ನು ಹಿಡಿದು ದೇಣಿಗೆ ಕೇಳುವುದು ಎಷ್ಟು ನೀರಸವೆಂದು ಹೇಳಬೇಕಾಗಿಲ್ಲ.

ಮೇರಿಯನ್ ಮ್ಯಾಕ್‌ಡೊವೆಲಳ ಜಾಣ್ಮೆ ಪ್ರಕಟವಾಗುವುದು ಇಲ್ಲಿ. ಒಬ್ಬ ದೊಡ್ಡ ದಾನಿಯ ಸಾವಿನೊಂದಿಗೆ ಆ ಮನೆತನದ ಆಸಕ್ತಿ ಕೊನೆಗೊಳ್ಳಬಹುದು; ಸಂಘಕ್ಕೆ ಸಾವಿಲ್ಲ, ಅಥವಾ ಅದರ ಸಾವು ನಿಧಾನ. ಸ್ಟುಡಿಯೊ ಕೊಟ್ಟ ಸಂಘದೊಡನೆ ಸಂಬಂಧ ಕಟ್ಟಡದ ಪ್ರವೇಶೋತ್ಸವಕ್ಕೆ ಮುಗಿಯಲಿಲ್ಲ. ಆಲ್ಫಾ ಕೈ ಒಮೆಗಾದಂಥ ಸಂಘಗಳಿಗೆ ‘ತಮ್ಮ’ ಸ್ಟುಡಿಯೊ ದೀರ್ಘಕಾಲದ ಸೇವಾಕಾರ್ಯವಾಯಿತು; ಹೊಸದಾಗಿ ಸೇರಿದ ವಿದ್ಯಾರ್ಥಿನಿಗೂ ತಾನು ಕಾಣದ ಆ ಕಟ್ಟಡದ ಹೊಣೆಯಲ್ಲಿ ಒಂದು ಪಾಲು ಬಂದಿತು. ನಮ್ಮ ಊರುಗಳಲ್ಲಿ ರಥೋತ್ಸವದ ಒಂದೊಂದು ದಿನದ ಸೇವೆ ಒಂದೊಂದು ಮನೆತನಕ್ಕೆ ಪರಂಪರೆಯಿಂದ ಬರುವಂತೆ ಇದು ಎನ್ನಬಹುದು. ಹೋಲಿಕೆಯನ್ನು ಬಹಳ ದೂರ ಎಳೆಯುವಂತಿಲ್ಲ, ಏಕೆಂದರೆ ಈ ಹೊಣೆಯನ್ನು ಕಾಯ್ದುಕೊಳ್ಳಲು ಯಾವ ಸಂಪ್ರದಾಯದ ಒತ್ತಡವೂ ಇರಲಿಲ್ಲ. ಮೇರಿಯನ್‌ಳ ಪತ್ರಗಳು, ಭೇಟಿಗಳು, ಕಛೇರಿಗಳೇ ಅದನ್ನು ಹಿಡಿದಿಟ್ಟವು. ಇದರ ಜೊತೆಗೆ ಗಂಡನ ಕೃತಿಗಳ ರಾಯಧನ, ಹೊಲದ ತರಕಾರಿ ಹಾಲುಗಳು, ತಂಗುವ ಕಲಾವಿದರಿಂದ ಪಡೆಯುತ್ತಿದ್ದ ಸಣ್ಣ ಶುಲ್ಕ ಒಟ್ಟುಗೂಡಿ ದೈನಂದಿನ ವೆಚ್ಚವನ್ನು ಸರಿದೂಗಿಸಲು ಯತ್ನಿಸಲಾಗುತ್ತಿತ್ತು. 1910ರ ಆಗಸ್ಟ್‌ನಲ್ಲಿ ಹಾರ್ವರ್ಡ್‌ನ ಜಾರ್ಜ್ ಪಿಯರ್ಸ್ ಬೇಕರನ ನಿರ್ದೇಶನದಲ್ಲಿ ಊರವರೇ ಪಾತ್ರಧಾರಿಗಳಾಗಿ ಎಡ್ವರ್ಡನ ಸಂಗೀತಕ್ಕೆ ಒಂದು ಬಯಲು ದೃಶ್ಯರೂಪಕವನ್ನು ಆಡಿದರು. ಅದರಿಂದ ದೊರೆತುದು ಹಣಕ್ಕಿಂತ ಹೆಚ್ಚಾಗಿ ಹೆಸರು.

ಇಂಥ ವ್ಯವಸ್ಥೆಯ ಬಲವೆಷ್ಟು ಎಂಬುದಕ್ಕೆ 1938 ಪರೀಕ್ಷೆಯಾಯಿತು. ಆ ವರ್ಷದ ಸೆಪ್ಟೆಂಬರ್ 21ರಂದು ನ್ಯೂ ಇಂಗ್ಲೆಂಡ್ ಪ್ರದೇಶಕ್ಕೆ ಅಪ್ಪಳಿಸಿದ ಚಂಡಮಾರುತ ಕಾಡಿನ ಅಸಂಖ್ಯ ಮರಗಳನ್ನು ಉರುಳಿಸಿತು. ಅದೇ ದಿನ ಪೀಟರ್‌ಬರೊದ ಪೇಟೆಯಲ್ಲಿ ಪ್ರವಾಹವೂ ಬೆಂಕಿಯೂ ಒಟ್ಟಿಗೆ ಹಾನಿಯೆಸಗಿದವು. ಆದ್ದರಿಂದ ನೆರೆಯ ಊರು ನೆರವಿಗೆ ಬರುವ ಸ್ಥಿತಿಯಲ್ಲಿಯೂ ಇರಲಿಲ್ಲ. ಸ್ಟುಡಿಯೊಗಳ ಏಕಾಂತಕ್ಕೆ ಗೋಡೆಯಾಗಿದ್ದುದು ಆ ಮರಗಳೇ. ಅವು ಬಿದ್ದ ಮೇಲೆ ದಾರಿಗಳು ಮುಚ್ಚಿಹೋದವು, ಒಂದು ಸ್ಟುಡಿಯೊದಿಂದ ಇನ್ನೊಂದು ಕಾಣುವಂತಾಯಿತು. ಮೇರಿಯನ್‌ಗೆ ಆಗ ಎಂಬತ್ತು ವರ್ಷ. ಕಛೇರಿಗಳ ಪ್ರಯಾಣದ ದಿನಗಳು ಮುಗಿದಿದ್ದವು. ದೇಶ ಆರ್ಥಿಕ ಕುಸಿತದಿಂದ ಇನ್ನೂ ಪೂರ್ಣವಾಗಿ ಚೇತರಿಸಿಕೊಂಡಿರಲಿಲ್ಲ. ಆದರೂ ಕಾಡನ್ನು ತೆರವುಗೊಳಿಸಿ ಕಲಾಧಾಮವನ್ನು ಉಳಿಸಿಕೊಳ್ಳಲಾಯಿತು. ಕಟ್ಟಡವನ್ನು ತಿಂಗಳುಗಳಲ್ಲಿ ದುರಸ್ತಿ ಮಾಡಬಹುದು, ಏಕಾಂತವನ್ನು ಕೊಡುವ ಮರ ಬೆಳೆಯಲು ಒಂದು ತಲೆಮಾರು ಬೇಕು. ಅದಕ್ಕೆ ಯಾವ ದಾನಿಯ ಹಣವೂ ಅವಸರ ತರಲಾರದು.

1956ರಲ್ಲಿ ಮೇರಿಯನ್ ತನ್ನ 98ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಒಬ್ಬ ವ್ಯಕ್ತಿಯ ಶ್ರಮದ ಮೇಲೆ ನಿಂತ ಆದಾಯ ಅವಳ ವೃದ್ಧಾಪ್ಯದಲ್ಲಿಯೇ ಕ್ಷೀಣಿಸಿತ್ತು. ಆ ಮೇಲೆ ಕಲಾಧಾಮ ಹಿಡಿದ ದಾರಿ ಅಮೆರಿಕದ ಇತರ ಸಾಂಸ್ಕೃತಿಕ ಸಂಸ್ಥೆಗಳದೇ: ಶಾಶ್ವತ ನಿಧಿ, ವಾರ್ಷಿಕ ವಂತಿಗೆ, ಪ್ರತಿಷ್ಠಾನಗಳ ಅನುದಾನ. 1960ರಿಂದ ಕೊಡತೊಡಗಿದ ಎಡ್ವರ್ಡ್ ಮ್ಯಾಕ್‌ಡೊವೆಲ್ ಪದಕ ಇದಕ್ಕೆ ಪರೋಕ್ಷವಾಗಿ ನೆರವಾಯಿತು. ಮೊದಲ ಪದಕ ಥಾರ್ನ್‌ಟನ್ ವೈಲ್ಡರನಿಗೆ ಸಂದಿತು. ‘ಅವರ್ ಟೌನ್’ (1938) ನಾಟಕದ ಬರವಣಿಗೆಗೂ ಪೀಟರ್‌ಬರೊಗೂ ಇದ್ದ ನಂಟು ಪ್ರಸಿದ್ಧವೇ. ಪದಕ ಪ್ರದಾನದ ದಿನ ಸಾರ್ವಜನಿಕರಿಗೆ ಸ್ಟುಡಿಯೊಗಳ ಬಾಗಿಲು ತೆರೆಯುತ್ತದೆ. ವರ್ಷವಿಡೀ ಮುಚ್ಚಿರುವ ಸಂಸ್ಥೆ ತನ್ನನ್ನು ತಾನು ತೋರಿಸಿಕೊಳ್ಳುವ ಅವಕಾಶ ಅದು. ಬಂದವರು ಬೆಂಕಿಗೂಡಿನ ಬಳಿಯ ಮರದ ಹಲಗೆಗಳನ್ನು ಓದುತ್ತಾರೆ. ತಂಗಿದ ಕಲಾವಿದರು ಹೊರಡುವ ಮುನ್ನ ಅವುಗಳ ಮೇಲೆ ಸಹಿ ಹಾಕುವುದು ಪದ್ಧತಿ. ‘ಸಮಾಧಿಗಲ್ಲು’ ಎಂಬ ವಿನೋದದ ಹೆಸರು ಅವಕ್ಕಿದೆ. ಕವಿ ಎಡ್ವಿನ್ ಆರ್ಲಿಂಗ್‌ಟನ್ ರಾಬಿನ್‌ಸನ್ ಎರಡು ದಶಕಗಳಿಗೂ ಮಿಕ್ಕಿ ಬೇಸಗೆಗಳನ್ನು ಅಲ್ಲಿ ಕಳೆದನು. ಸಂಗೀತ ರಚನಕಾರ ಆರನ್ ಕೋಪ್ಲಂಡ್ ಅಲ್ಲಿ ತಂಗಿ ಕೆಲಸ ಮಾಡಿದ್ದಲ್ಲದೆ ಮುಂದೆ ಸಂಸ್ಥೆಯ ಅಧ್ಯಕ್ಷನೂ ಆದನು.

ಶಾಶ್ವತ ನಿಧಿಯ ಗಣಿತ ಸರಳವಾದರೂ ಕಠಿಣ. ಮೂಲಧನವನ್ನು ಮುಟ್ಟದೆ, ಬೆಲೆಯೇರಿಕೆಗೆ ಪಕ್ಕಾಗದೆ ವರ್ಷಕ್ಕೆ ಶೇಕಡ 4 ಅಥವಾ 5ರಷ್ಟನ್ನು ಮಾತ್ರ ಬಳಸುವುದು ಅಮೆರಿಕದ ಸಂಸ್ಥೆಗಳಲ್ಲಿ ರೂಢಿ. ಒಂದು ಸ್ಟುಡಿಯೊದ ವಾರ್ಷಿಕ ನಿರ್ವಹಣೆಗೆ 1 ಲಕ್ಷ ರೂಪಾಯಿ ಬೇಕೆಂದು ಇಟ್ಟುಕೊಂಡರೆ, ಶೇಕಡ 5ರ ಲೆಕ್ಕದಲ್ಲಿ 20 ಲಕ್ಷ, ಶೇಕಡ 4ರ ಲೆಕ್ಕದಲ್ಲಿ 25 ಲಕ್ಷ ರೂಪಾಯಿ ಮೂಲಧನ ಬೇಕು. ಕಟ್ಟಲು ತಗಲಿದ ವೆಚ್ಚಕ್ಕಿಂತ ಕಾಪಾಡಲು ಇರಿಸಬೇಕಾದ ಮೊತ್ತವೇ ಹಿರಿದಾಗುವ ಸಂಭವ ಹೆಚ್ಚು. ಸುಮಾರು 450 ಎಕರೆ ಭೂಮಿ, 32 ಸ್ಟುಡಿಯೊಗಳಿಗೆ ಬೆಳೆದ ಸಂಸ್ಥೆಗೆ ಇದರ ಭಾರವೆಷ್ಟೆಂದು ಊಹಿಸಬಹುದು.

ತೆರಿಗೆಯೂ ನಿರ್ವಹಣೆಯ ವೆಚ್ಚದ ಒಂದು ಅಂಗವೇ. ಇಷ್ಟು ಭೂಮಿ ಕಟ್ಟಡಗಳ ಮೇಲೆ ಆಸ್ತಿ ತೆರಿಗೆ ಬಿದ್ದರೆ ದುರಸ್ತಿಯ ಹಣವೆಲ್ಲ ಅಲ್ಲಿಗೇ ಹೋಗುತ್ತದೆ. ಕಲಾಧಾಮಕ್ಕೆ ಧರ್ಮಾರ್ಥ ಸಂಸ್ಥೆಯ ವಿನಾಯಿತಿ ಸಲ್ಲದು, ಅದರಿಂದ ಲಾಭ ಪಡೆಯುವವರು ಕಲಾವಿದರೇ ಹೊರತು ಸಾರ್ವಜನಿಕರಲ್ಲ ಎಂದು ಪೀಟರ್‌ಬರೊ ಪಟ್ಟಣದ ಆಡಳಿತ ವಾದಿಸಿತು. ಪಟ್ಟಣದ ಪ್ರಶ್ನೆಯನ್ನು ಅರಸಿಕತೆಯೆಂದು ತಳ್ಳಿಹಾಕುವಂತಿಲ್ಲ; ವಿನಾಯಿತಿ ಪಡೆದವರ ಪಾಲನ್ನು ಉಳಿದ ನಿವಾಸಿಗಳೇ ಹೊರಬೇಕಾಗುತ್ತದೆ. ಪ್ರಕರಣ ನ್ಯೂ ಹ್ಯಾಂಪ್‌ಶೈರಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2008ರಲ್ಲಿ ತೀರ್ಪು ಕಲಾಧಾಮದ ಪರವಾಯಿತು. ಕಲೆಯ ಪೋಷಣೆಯೇ ಸಾರ್ವಜನಿಕ ಹಿತದ ಕಾರ್ಯ ಎಂಬುದು ಅದರ ತಿರುಳು. ಬಾಗಿಲು ಮುಚ್ಚಿ ಮಾಡುವ ಕೆಲಸವೂ ಲೋಕೋಪಯೋಗಿಯೇ ಎಂಬ, ಮೇರಿಯನ್ ಊರೂರಿನ ಸಭೆಗಳಲ್ಲಿ ಮನಗಾಣಿಸಬೇಕಾಗಿದ್ದ ಮಾತಿಗೆ ಹೀಗೆ ನೂರು ವರ್ಷಗಳ ನಂತರ ಕಾನೂನಿನ ಮುದ್ರೆ ಬಿದ್ದಿತು.

ನ್ಯೂಯಾರ್ಕ್ ರಾಜ್ಯದ ಸಾರಟೋಗ ಸ್ಪ್ರಿಂಗ್ಸ್‌ನಲ್ಲಿರುವ ‘ಯಾಡೊ’ ಇದಕ್ಕೆ ಹೋಲಿಸಬಹುದಾದ ಇನ್ನೊಂದು ಧಾಮ. ತಮ್ಮ ಮಕ್ಕಳನ್ನೆಲ್ಲ ಕಳೆದುಕೊಂಡ ಸ್ಪೆನ್ಸರ್ ಮತ್ತು ಕತ್ರೀನಾ ಟ್ರಾಸ್ಕ್ ದಂಪತಿಗಳು 1900ರಲ್ಲಿ ತಮ್ಮ ಬಂಗಲೆ ಮತ್ತು ಸಂಪತ್ತನ್ನು ಅದಕ್ಕೆಂದು ಮೀಸಲಿಟ್ಟರು. 1926ರಲ್ಲಿ ಕಲಾವಿದರ ಪ್ರವೇಶ ಆರಂಭವಾಯಿತು. ಮೂಲಧನವೇ ಇದ್ದುದರಿಂದ ಅಲ್ಲಿ ಊರೂರು ತಿರುಗಿ ಪಿಯಾನೊ ನುಡಿಸುವವರು ಬೇಕಾಗಲಿಲ್ಲ. ಆದರೆ ಐಶ್ವರ್ಯದ ಕಾಲದ ಬಂಗಲೆಯನ್ನು ಕಾಪಾಡುವ ವೆಚ್ಚ ಕಾಲಕ್ರಮದಲ್ಲಿ ಯಾವ ಮೂಲಧನವನ್ನೂ ನುಂಗಬಲ್ಲದು. ಅಲ್ಲಿ ತಂಗಿ ತನ್ನ ಮೊದಲ ಕಾದಂಬರಿಯನ್ನು ರೂಪಿಸಿದ್ದ ಪೆಟ್ರೀಷಿಯಾ ಹೈಸ್ಮಿತ್ 1995ರಲ್ಲಿ ತೀರಿಕೊಂಡಾಗ ತನ್ನ ಆಸ್ತಿಯನ್ನು ಯಾಡೊಗೆ ಬಿಟ್ಟಿದ್ದಳು. ಅದರ ಮೌಲ್ಯ ಸುಮಾರು 30 ಲಕ್ಷ ಡಾಲರ್. ಆಶ್ರಯ ಪಡೆದವಳೇ ಕೊನೆಗೆ ಆಶ್ರಯದಾತಳಾದ ನಿದರ್ಶನ ಇದು. ಇಂಥದ್ದನ್ನು ನಂಬಿ ಆಯವ್ಯಯ ಸಿದ್ಧಪಡಿಸಲು ಮಾತ್ರ ಸಾಧ್ಯವಿಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ದೊರೆತ ಅತ್ಯಂತ ಸ್ವತಂತ್ರ ಉತ್ತರ ಮದ್ರಾಸಿನ ದಕ್ಷಿಣಕ್ಕೆ, ಇಂಜಂಬಾಕ್ಕಂನ ಕಡಲತೀರದಲ್ಲಿ 1966ರಲ್ಲಿ ನೆಲೆಗೊಂಡ ಚೋಳಮಂಡಲ ಕಲಾಗ್ರಾಮದ್ದು. ಅದು ಬಂದುಹೋಗುವವರ ಧಾಮವಲ್ಲ, ಅಲ್ಲಿಯೇ ಬಾಳುವವರ ಊರು ಎಂಬ ವ್ಯತ್ಯಾಸವನ್ನು ನೆನಪಿಡಬೇಕು. ಮದ್ರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ. ಸಿ. ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು ಕರಕುಶಲ ಸಂಘವೊಂದನ್ನು ಕಟ್ಟಿಕೊಂಡು, ಬಾಟಿಕ್ ಬಟ್ಟೆ ಮೊದಲಾದ ವಸ್ತುಗಳನ್ನು ತಯಾರಿಸಿ ಮಾರಿ, ಬಂದ ಹಣದಲ್ಲಿ ಭೂಮಿಯನ್ನು ಕೊಂಡರು. ದಾನಿಯ ಹೆಸರು ಹೊತ್ತ ಸ್ಟುಡಿಯೊ ಅಲ್ಲಿ ಇರಲಿಲ್ಲ. ದಾನಿಯ ಹಂಗೂ ಇರಲಿಲ್ಲ. ಮೈಸೂರಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಕಲಿತು, ಈ ಗ್ರಾಮದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದ ಎಸ್. ಜಿ. ವಾಸುದೇವ್ ಎರಡು ದಶಕಗಳಷ್ಟು ಕಾಲ ಅಲ್ಲಿದ್ದು, 1980ರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಬಾಟಿಕ್‌ನಲ್ಲಿಯೂ ತಾಮ್ರದ ಉಬ್ಬುಚಿತ್ರಗಳಲ್ಲಿಯೂ ಅವರು ಗಳಿಸಿದ ಪರಿಣತಿ ಚೋಳಮಂಡಲದ ಆ ಆರ್ಥಿಕ ಅಗತ್ಯದೊಡನೆ ಬೆರೆತದ್ದು. ಪೀಟರ್‌ಬರೊದಲ್ಲಿ ಕಲಾವಿದನ ಪರವಾಗಿ ಇನ್ನೊಬ್ಬಳು ದುಡಿದು ಅವನ ದಿನವನ್ನು ಇಡಿಯಾಗಿ ಅವನಿಗೇ ಬಿಟ್ಟುಕೊಟ್ಟಳು. ಇಂಜಂಬಾಕ್ಕಂನಲ್ಲಿ ಚಿತ್ರಕಾರ ದಿನದ ಒಂದು ಪಾಲನ್ನು ಮೇಣ ಬಣ್ಣಗಳ ಬಟ್ಟೆಗೆ ಕೊಟ್ಟು, ಉಳಿದ ಪಾಲಿನಲ್ಲಿ ತನ್ನ ಚಿತ್ರವನ್ನು ಬರೆದನು. ಸಮುದ್ರದ ಉಪ್ಪುಗಾಳಿಗೆ ಮನೆಯ ಕೀಲು ಬಾಗಿಲುಗಳು ಸವೆದಾಗ ಅವನೇ ರಿಪೇರಿ ಮಾಡಿಸಿಕೊಂಡನು.